ಚಿಕಿತ್ಸೆ ನಡುವೆ ನಿಲ್ಲದಿರಲಿ: ಕ್ಯಾನ್ಸರ್‌ಪೀಡಿತ ಮಕ್ಕಳು ಮತ್ತು ವರ್ತಕ ಸಮುದಾಯ

ಒಂಟಿಕೊಪ್ಪಲ್ ಎಂದೊಡನೆ ನಾಡಿನ ಬಹುಮಂದಿಗೆ ನೆನಪಾಗುವುದು ಪಂಚಾಂಗ. ಯುಗಾದಿಯ ಹೊತ್ತಿಗೆ ಹಳೆಯದನ್ನು ತೆಗೆದು ಹೊಸದನ್ನು ಗಲ್ಲಾಪೆಟ್ಟಿಗೆಯ ಬಳಿ ಇರಿಸಿಕೊಳ್ಳುವ ವರ್ತಕರು ಇಂದಿಗೂ ಕಡಿಮೆಯಿಲ್ಲ. ಆದರೆ ಮೈಸೂರಿನವರಿಗೆ ಒಂಟಿಕೊಪ್ಪಲ್ ಮೊದಲಿಗೆ ಒಂದು ಬಡಾವಣೆ. ವೆಂಕಟರಮಣಸ್ವಾಮಿ ದೇವಾಲಯ, ನಿವೃತ್ತರ ಮನೆಗಳು, ಶಾಲೆಗಳು ಒಂದು ಕಡೆ. ಇನ್ನೊಂದು ಕಡೆ ಕೆ.ಆರ್.ಎಸ್. ರಸ್ತೆ, ಅದರ ಮೂಲಕ ಮೇಟಗಳ್ಳಿ, ಹೆಬ್ಬಾಳಗಳ ಕಾರ್ಖಾನೆಗಳಿಗೆ ಬೆಳಗಿನ ಪಾಳಿಗೆ ಹೊರಡುವ ಕಾರ್ಮಿಕರು. ಇದೇ ರಸ್ತೆಯಲ್ಲಿ ಕಾರ್ಮಿಕರ ರಾಜ್ಯ ವಿಮಾ ಆಸ್ಪತ್ರೆಯಿದೆ. ಇದೇ ರಸ್ತೆಯಲ್ಲಿಯೇ ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆಯೂ ಇದೆ. ಕ್ಷಯವೆಂದರೆ ಬಾಗಿಲು ಮುಚ್ಚಿ ಪಿಸುಮಾತಿನಲ್ಲಿ ಹೇಳುವ ಕಾಯಿಲೆಯಾಗಿದ್ದ ಕಾಲದಲ್ಲಿ, ಅದೇ ರೋಗಕ್ಕೆ ತುತ್ತಾದ ರಾಜಮನೆತನದ ಹೆಣ್ಣುಮಗಳ ಹೆಸರನ್ನು ಮರೆಮಾಚದೆ ಆಸ್ಪತ್ರೆಯ ಮುಂದೆ ಬರೆಯಿಸಿದ ಊರು ಇದು.

ಇಂದು ಆ ಪಿಸುಮಾತಿನ ಸ್ಥಾನದಲ್ಲಿ ಕ್ಯಾನ್ಸರ್ ಇದೆ. ಅದರಲ್ಲಿಯೂ ಮಕ್ಕಳ ಕ್ಯಾನ್ಸರ್. ಪ್ರತಿವರ್ಷ ಫೆಬ್ರವರಿ 15ರಂದು ಅಂತರರಾಷ್ಟ್ರೀಯ ಬಾಲ್ಯ ಕ್ಯಾನ್ಸರ್ ದಿನವನ್ನೂ, ಸೆಪ್ಟೆಂಬರ್ ತಿಂಗಳಿಡೀ ಬಂಗಾರದ ಬಣ್ಣದ ಪಟ್ಟಿ ಧರಿಸಿ ಜಾಗೃತಿ ಮಾಸವನ್ನೂ ಆಚರಿಸುವ ರೂಢಿ ಬೆಳೆದಿದೆ. ಆಚರಣೆ ಒಳ್ಳೆಯದೇ. ಆದರೆ ಈ ಮಕ್ಕಳು ಉಳಿಯುವುದು, ಉಳಿಯದಿರುವುದು ಬಹುಪಾಲು ಎರಡು ಸಂಗತಿಗಳನ್ನು ಅವಲಂಬಿಸಿದೆ. ರೋಗವನ್ನು ಬೇಗ ಗುರುತಿಸಲಾಯಿತೇ? ಆರಂಭಿಸಿದ ಚಿಕಿತ್ಸೆ ಕೊನೆಯವರೆಗೆ ನಡೆಯಿತೇ? ಈ ಎರಡರಲ್ಲಿಯೂ ಅಂಗಡಿಯವರ, ಸಣ್ಣ ಕೈಗಾರಿಕೆಗಳ ಮಾಲೀಕರ ಪಾತ್ರ ಅವರು ಎಣಿಸಿರುವುದಕ್ಕಿಂತ ದೊಡ್ಡದು.

ಗುಣವಾಗುವ ರೋಗ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರು ಕ್ಯಾನ್ಸರಿಗೆ ತುತ್ತಾಗುತ್ತಾರೆ. ಶ್ರೀಮಂತ ದೇಶಗಳಲ್ಲಿ ಇವರಲ್ಲಿ ಶೇ. 80ಕ್ಕಿಂತ ಹೆಚ್ಚು ಮಂದಿ ಗುಣಹೊಂದುತ್ತಾರೆ. ಅನೇಕ ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಶೇ. 30ಕ್ಕಿಂತ ಕಡಿಮೆ. ಈ ಅಂತರವನ್ನು ತಗ್ಗಿಸಲೆಂದೇ ಸಂಸ್ಥೆಯು 2018ರಲ್ಲಿ ಒಂದು ಜಾಗತಿಕ ಕಾರ್ಯಕ್ರಮವನ್ನು ಆರಂಭಿಸಿ, 2030ರ ವೇಳೆಗೆ ಕನಿಷ್ಠ ಶೇ. 60ರಷ್ಟು ಮಕ್ಕಳು ಬದುಕುಳಿಯಬೇಕೆಂಬ ಗುರಿಯನ್ನು ಇಟ್ಟಿತು. ಬಂಡವಾಳದ ಮೇಲಿನ ಪ್ರತಿಫಲವನ್ನು ಲೆಕ್ಕ ಹಾಕುವ ವಾಚಕರು ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ರೋಗ ಅದೇ, ಮೂಲ ಔಷಧಗಳೂ ಬಹುಮಟ್ಟಿಗೆ ಅವೇ. ಫಲಿತಾಂಶ ಮಾತ್ರ ಬೇರೆ.

ವಯಸ್ಕರಲ್ಲಿ ಕ್ಯಾನ್ಸರಿಗೆ ತಂಬಾಕು, ಮದ್ಯ ಮೊದಲಾದ ಕಾರಣಗಳನ್ನು ಬೆರಳು ಮಾಡಿ ತೋರಿಸಬಹುದು. ಮಕ್ಕಳ ವಿಷಯದಲ್ಲಿ ಅಂಥ ಕಾರಣಗಳಿಲ್ಲ. ತಾಯಿಯ ಆಹಾರವಾಗಲಿ, ತಂದೆಯ ನಡತೆಯಾಗಲಿ, ಗ್ರಹಗತಿಯಾಗಲಿ ಇದನ್ನು ತಂದದ್ದಲ್ಲ. ಬಹುತೇಕ ಪ್ರಸಂಗಗಳಲ್ಲಿ ಇದು ವಂಶಪಾರಂಪರ್ಯವೂ ಅಲ್ಲ. ಕಣ್ಣಿನ ಅಕ್ಷಿಪಟಲದ ಕ್ಯಾನ್ಸರ್‌ನಂಥ ಕೆಲವು ಮಾತ್ರ ಅಪವಾದ. ಮುಟ್ಟಿದರೆ, ಒಟ್ಟಿಗೆ ಉಂಡರೆ ಅಂಟುವ ರೋಗವಂತೂ ಅಲ್ಲವೇ ಅಲ್ಲ. ಹೀಗಿದ್ದರೂ ಮಗುವಿಗೆ ಕ್ಯಾನ್ಸರ್ ಎಂದು ತಿಳಿದ ಮನೆಗೆ ನೆರೆಯವರು ಮಕ್ಕಳನ್ನು ಕಳುಹಿಸುವುದನ್ನು ನಿಲ್ಲಿಸುತ್ತಾರೆ. ಬಾಡಿಗೆ ಮನೆಯಾದರೆ ಬಿಡುವಂತೆ ಸೂಚನೆಯೂ ಬರಬಹುದು. ಬಡಾವಣೆಯಲ್ಲಿ ಮಳಿಗೆ, ಮನೆ ಬಾಡಿಗೆಗೆ ಕೊಟ್ಟಿರುವ ವರ್ತಕರು ಈ ಮಾತನ್ನು ಗಮನಿಸುವುದು ಒಳಿತು.

ಅಂಗಡಿಯ ಕಟ್ಟೆಯಿಂದ ಕಾಣುವ ಲಕ್ಷಣಗಳು

ಮಕ್ಕಳ ಕ್ಯಾನ್ಸರನ್ನು ಮುಂಚಿತವಾಗಿ ಪತ್ತೆಮಾಡುವ ಸಾಮೂಹಿಕ ತಪಾಸಣೆಯೆಂಬುದು ಬಹುಮಟ್ಟಿಗೆ ಇಲ್ಲ. ಲಕ್ಷಣಗಳನ್ನು ಯಾರಾದರೂ ನೋಡಿ ಸಂದೇಹಪಡಬೇಕು. ಆ ಲಕ್ಷಣಗಳೂ ಸಾಮಾನ್ಯ ಕಾಯಿಲೆಗಳ ವೇಷದಲ್ಲಿಯೇ ಬರುತ್ತವೆ. ಜ್ವರ, ಸುಸ್ತು, ಕಾಲುನೋವು, ವಾಂತಿ ಯಾವ ಮಗುವಿಗೆ ಬರುವುದಿಲ್ಲ? ಆದ್ದರಿಂದಲೇ ಮೊದಲ ವಾರಗಳು ಸಿರಪ್ಪು, ಮಾತ್ರೆ, ತಾಯಿತಗಳಲ್ಲಿ ಕಳೆದುಹೋಗುತ್ತವೆ.

ಒಂಟಿಕೊಪ್ಪಲಿನಂಥ ಬಡಾವಣೆಯ ಯಾವುದೇ ಮುಖ್ಯರಸ್ತೆಯನ್ನು ತೆಗೆದುಕೊಳ್ಳಬಹುದು. ಅಲ್ಲಿ ಔಷಧದಂಗಡಿ ಇರುತ್ತದೆ. ಒಂದೇ ಮಗುವಿಗೆಂದು ಒಂದೇ ತಾಯಿ ಮೂರನೆಯ ಬಾರಿ ಜ್ವರದ ಔಷಧಿ ಕೊಳ್ಳಲು ಬಂದಾಗ ಅದನ್ನು ಮೊದಲು ಗಮನಿಸುವವನು ವೈದ್ಯನಲ್ಲ, ಔಷಧ ವ್ಯಾಪಾರಿ. ಎರಡು ವಾರ ಮೀರಿದ ಜ್ವರ, ಮುಖ ಬಿಳಿಚಿಕೊಂಡಿರುವುದು, ಪೆಟ್ಟಾಗದೆಯೇ ಮೈಮೇಲೆ ನೀಲಿ ಕಲೆಗಳು, ವಸಡಿನಲ್ಲಿ ರಕ್ತ, ಇವು ಒಟ್ಟಿಗೆ ಕಂಡರೆ ಇನ್ನೊಂದು ಬಾಟಲಿ ಮಾರುವ ಬದಲು ರಕ್ತಪರೀಕ್ಷೆಗೆ ಕಳುಹಿಸುವುದು ಸರಿಯಾದ ವ್ಯಾಪಾರ. ಮಕ್ಕಳಲ್ಲಿ ಅತಿ ಸಾಮಾನ್ಯವಾದ ಕ್ಯಾನ್ಸರ್ ರಕ್ತದ್ದು. ಅದರ ಮೊದಲ ಸುಳಿವು ಬಹುಸಲ ಒಂದು ಸಾಧಾರಣ ರಕ್ತಕಣಗಳ ಎಣಿಕೆಯಲ್ಲಿಯೇ ಸಿಕ್ಕಿಬಿಡುತ್ತದೆ.

ಅದೇ ಸಾಲಿನಲ್ಲಿ ಫೋಟೋ ಸ್ಟುಡಿಯೋ, ಕನ್ನಡಕದಂಗಡಿಗಳೂ ಇರುತ್ತವೆ. ಫ್ಲ್ಯಾಷ್ ಬಳಸಿ ತೆಗೆದ ಚಿತ್ರದಲ್ಲಿ ಮಗುವಿನ ಒಂದು ಕಣ್ಣಿನ ಪಾಪೆ ಕೆಂಪಾಗಿಯೂ ಇನ್ನೊಂದು ಬೆಕ್ಕಿನ ಕಣ್ಣಿನಂತೆ ಬೆಳ್ಳಗೂ ಹೊಳೆದರೆ, ಛಾಯಾಗ್ರಾಹಕನು ಕಂಪ್ಯೂಟರಿನಲ್ಲಿ ಅದನ್ನು ತಿದ್ದಿ ಅಳಿಸಿ ಅಂದಗೊಳಿಸುವುದು ವಾಡಿಕೆ. ಆ ಬಿಳುಪು ಅಕ್ಷಿಪಟಲದ ಕ್ಯಾನ್ಸರಿನ ಪ್ರಮುಖ ಚಿಹ್ನೆಯಾಗಿರಬಹುದು. ಬೇಗ ಕಂಡುಹಿಡಿದರೆ ಜೀವವಷ್ಟೇ ಅಲ್ಲ, ಕಣ್ಣನ್ನೂ ಉಳಿಸಿಕೊಳ್ಳುವ ಅವಕಾಶವಿದೆ. ಹೊಸದಾಗಿ ಕಾಣಿಸಿಕೊಂಡ ಮೆಳ್ಳೆಗಣ್ಣನ್ನು ಅದೃಷ್ಟದ ಗುರುತೆಂದು ಬಿಡದೆ ನೇತ್ರವೈದ್ಯರಿಗೆ ತೋರಿಸಬೇಕು. ಚಿತ್ರವನ್ನು ತಿದ್ದುವ ಮೊದಲು ಪೋಷಕರನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಲು ಛಾಯಾಗ್ರಾಹಕರ ಸಂಘವು ತನ್ನ ಸದಸ್ಯರಿಗೆ ತಿಳಿಸಿದರೆ ಅದಕ್ಕೆ ಖರ್ಚೇನೂ ಇಲ್ಲ.

ಇನ್ನುಳಿದವು: ಬೆಳಗಿನ ಜಾವದ ತಲೆನೋವು ಮತ್ತು ವಾಂತಿ, ನಡಿಗೆಯಲ್ಲಿ ತೂರಾಟ, ರಾತ್ರಿ ಎಚ್ಚರಿಸುವ ಮೂಳೆನೋವು, ಕುಂಟುವುದು, ಕುತ್ತಿಗೆ ಕಂಕುಳುಗಳಲ್ಲಿ ಕರಗದ ಗಂಟು, ಸ್ನಾನ ಮಾಡಿಸುವಾಗ ಹೊಟ್ಟೆಯಲ್ಲಿ ಕೈಗೆ ಸಿಗುವ ಗಡ್ಡೆ. ಇವೆಲ್ಲ ಕಂಡ ಕೂಡಲೇ ಕ್ಯಾನ್ಸರೇ ಎಂದು ಹೆದರಬೇಕಿಲ್ಲ. ಬಹಳ ಸಲ ಅದಾಗಿರುವುದಿಲ್ಲ. ಆದರೆ ಚೆಲುವಾಂಬ ಆಸ್ಪತ್ರೆಯ ಮಕ್ಕಳ ವಿಭಾಗವಿರುವ ಊರಿನಲ್ಲಿ ತಿಂಗಳುಗಟ್ಟಲೆ ಕಾಯಲು ಕಾರಣವಿಲ್ಲ. ಸಂದೇಹವಿದ್ದಾಗ ಬಯಾಪ್ಸಿ ಪರೀಕ್ಷೆಗೆ ಒಳ್ಳೆಯ ದಿನ ನೋಡುತ್ತ ಕೂಡುವವರೂ ಉಂಟು. ಪಂಚಾಂಗಕ್ಕೆ ಹೆಸರಾದ ಬಡಾವಣೆಯವರು ಮುಹೂರ್ತವನ್ನು ಗೃಹಪ್ರವೇಶಕ್ಕೂ ಹೊಸ ಖಾತೆಯ ಪೂಜೆಗೂ ಇಟ್ಟುಕೊಳ್ಳಲಿ.

ಒಂದು ಮನೆಯ ಜಮಾ-ಖರ್ಚು

ರೋಗ ಪತ್ತೆಯಾಯಿತು, ಚಿಕಿತ್ಸೆ ಆರಂಭವಾಯಿತು. ಆಮೇಲೆ ನಡೆಯುವುದೇನು? ಇಲ್ಲಿಂದ ಮುಂದಿನದು ವೈದ್ಯಕೀಯಕ್ಕಿಂತ ಹೆಚ್ಚಾಗಿ ಲೆಕ್ಕಪತ್ರದ ವಿಷಯ.

ಲೆಕ್ಕಕ್ಕಾಗಿ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ತಂದೆ ಮೇಟಗಳ್ಳಿಯ ಒಂದು ಸಣ್ಣ ಘಟಕದಲ್ಲಿ ಫಿಟ್ಟರ್. ತಿಂಗಳಿಗೆ 26 ದಿನದ ಕೆಲಸಕ್ಕೆ 15,600 ರೂಪಾಯಿ, ಅಂದರೆ ದಿನಕ್ಕೆ 600. ತಾಯಿ ಮನೆಯಲ್ಲಿಯೇ ಅಗರಬತ್ತಿ ಹೊಸೆದು 3,000 ಗಳಿಸುತ್ತಾಳೆ. ಏಳು ವರ್ಷದ ಮಗುವಿಗೆ ರಕ್ತದ ಕ್ಯಾನ್ಸರ್, ಚಿಕಿತ್ಸೆ ಬೆಂಗಳೂರಿನಲ್ಲಿ. ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ನಾಲ್ಕು ಬಾರಿ ಹೋಗಿಬರಬೇಕು, ಪ್ರತಿ ಬಾರಿ ಎರಡು ದಿನ. ತಂದೆಗೆ ಎಂಟು ದಿನದ ಸಂಬಳ ಖೋತಾ, 4,800 ರೂಪಾಯಿ. ತಾಯಿಯ ಗಳಿಕೆ ಪೂರ್ತಿ ನಿಂತಿತು. ಆದಾಯ 18,600ರಿಂದ 10,800ಕ್ಕೆ ಇಳಿಯಿತು. ಬಸ್ಸು, ಆಟೋ, ಊಟ, ರಾತ್ರಿ ತಂಗುವುದು ಸೇರಿ ಪ್ರತಿ ಬಾರಿಗೆ 1,300ರಂತೆ ಹಿಡಿದರೆ 5,200. ಉಳಿದದ್ದು 5,600. ಮನೆ ಬಾಡಿಗೆ 4,500 ಕಳೆದರೆ 1,100 ರೂಪಾಯಿ. ಅದರಲ್ಲಿ ನಾಲ್ಕು ಜನರ ಅಕ್ಕಿ-ಬೇಳೆ, ವಿದ್ಯುತ್ ಬಿಲ್ಲು, ಇನ್ನೊಂದು ಮಗುವಿನ ಶಾಲೆ ನಡೆಯಬೇಕು. ಈ ಲೆಕ್ಕದಲ್ಲಿ ಔಷಧಿಯ ಬಾಬ್ತು ಒಂದು ರೂಪಾಯಿಯನ್ನೂ ಸೇರಿಸಿಲ್ಲವೆಂಬುದನ್ನು ಗಮನಿಸಬೇಕು.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ತಾಯಿಗೆ ಪ್ರಯಾಣ ಉಚಿತವಾಯಿತು. ರೈಲಿನಲ್ಲಿ ಚಿಕಿತ್ಸೆಗಾಗಿ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಾರರೊಬ್ಬರಿಗೂ ಎರಡನೆಯ ದರ್ಜೆಯಲ್ಲಿ ಶೇ. 75ರ ರಿಯಾಯಿತಿ ಇದೆ. ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಇವು ಬಸ್ಸಿನ ಬಾಬ್ತನ್ನು ತಗ್ಗಿಸುತ್ತವೆಯೇ ಹೊರತು ಕಳೆದುಹೋದ ಕೂಲಿಯನ್ನು ತುಂಬುವುದಿಲ್ಲ. ಆದ್ದರಿಂದ ಮೊದಲು ಚೀಟಿ ಎತ್ತುತ್ತಾರೆ, ಆಮೇಲೆ ಕಿವಿಯ ಓಲೆ ಅಡವಿಡುತ್ತಾರೆ, ಕೊನೆಗೆ ನೂರಕ್ಕೆ ಮೂರು ರೂಪಾಯಿ ತಿಂಗಳ ಬಡ್ಡಿಯ ಕೈಸಾಲ. ವರ್ಷಕ್ಕೆ ಶೇ. 36ರ ಬಡ್ಡಿಯಲ್ಲಿ ಯಾವ ವ್ಯಾಪಾರವೂ ನಿಲ್ಲದು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ.

ರೋಗದ ಸ್ವಭಾವವೇ ಇಲ್ಲಿ ಇನ್ನೊಂದು ಬಲೆಯನ್ನು ಒಡ್ಡುತ್ತದೆ. ರಕ್ತದ ಕ್ಯಾನ್ಸರಿನಲ್ಲಿ ಮೊದಲ ಸುಮಾರು ಒಂದು ತಿಂಗಳ ತೀವ್ರ ಚಿಕಿತ್ಸೆಯ ನಂತರ ಹೆಚ್ಚಿನ ಮಕ್ಕಳಲ್ಲಿ ರೋಗ ಪರೀಕ್ಷೆಗೆ ಕಾಣದಷ್ಟು ಇಳಿಯುತ್ತದೆ. ಜ್ವರ ಹೋಗುತ್ತದೆ, ಹಸಿವು ಮರಳುತ್ತದೆ, ಕೆಲವು ತಿಂಗಳಲ್ಲಿ ಉದುರಿದ ಕೂದಲೂ ಬರುತ್ತದೆ. ಆದರೆ ಮರೆಯಲ್ಲಿ ಉಳಿದ ರೋಗಕಣಗಳನ್ನು ಕೊಲ್ಲಲು ಚಿಕಿತ್ಸೆ ಒಟ್ಟು ಎರಡರಿಂದ ಮೂರು ವರ್ಷ ನಡೆಯಲೇಬೇಕು. ಅದರ ಬಹುಭಾಗ ಮನೆಯಲ್ಲಿಯೇ ನುಂಗುವ, ದುಬಾರಿಯಲ್ಲದ ಮಾತ್ರೆಗಳು ಮತ್ತು ನಿಗದಿತ ತಪಾಸಣೆ. ಮಗು ಆಡುತ್ತ ಓಡುತ್ತಿದೆ, ಮನೆಯಲ್ಲಿ ಸಾಲ ಏರುತ್ತಿದೆ, ಮಾಲೀಕ ರಜೆಗೆ ಗೊಣಗುತ್ತಿದ್ದಾನೆ. ಮುಂದಿನ ತಿಂಗಳು ಹೋದರಾಯಿತು ಎಂದು ಮನೆಯವರು ಆಗ ನಿರ್ಧರಿಸುತ್ತಾರೆ. ರೋಗ ಮರುಕಳಿಸಿದ ಮೇಲೆ ಮೊದಲಿನ ಅವಕಾಶ ಸಿಗುವುದಿಲ್ಲ. ಖರ್ಚೂ ಹಲವು ಪಟ್ಟು. ವೈದ್ಯರು ಇದನ್ನು ಚಿಕಿತ್ಸಾತ್ಯಾಗ ಎನ್ನುತ್ತಾರೆ. ತ್ಯಾಗವೆಂಬ ಪದ ಇಲ್ಲಿ ಸಲ್ಲದು. ತಂದೆತಾಯಿ ಬಿಟ್ಟದ್ದಲ್ಲ, ಲೆಕ್ಕ ಹೊಂದದೆ ಕೈಬಿಟ್ಟುಹೋದದ್ದು.

ಇದನ್ನು ತಡೆಯಬಹುದೆಂಬುದಕ್ಕೆ ಪುರಾವೆಯಿದೆ. ಸರ್ ದೊರಾಬ್ಜಿ ಟಾಟಾ ಟ್ರಸ್ಟ್ 1941ರಲ್ಲಿ ಸ್ಥಾಪಿಸಿದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಒಂದು ಕಾಲಕ್ಕೆ ಸುಮಾರು ಐದರಲ್ಲೊಂದು ಮಗು ಚಿಕಿತ್ಸೆಯನ್ನು ನಿರಾಕರಿಸಿಯೋ ನಡುವೆ ನಿಲ್ಲಿಸಿಯೋ ಹೊರಟುಹೋಗುತ್ತಿತ್ತು. 2010ರ ಸುಮಾರಿನಿಂದ ದಾನಿಗಳ ನೆರವಿನಿಂದ ವಸತಿ, ಪೌಷ್ಟಿಕ ಆಹಾರ, ಪ್ರಯಾಣ, ಆಪ್ತಸಲಹೆ, ಬಾರದವರನ್ನು ದೂರವಾಣಿಯಲ್ಲಿ ವಿಚಾರಿಸುವ ವ್ಯವಸ್ಥೆಗಳನ್ನು ಒಟ್ಟುಗೂಡಿಸಿದ ಮೇಲೆ ಕೆಲವೇ ವರ್ಷಗಳಲ್ಲಿ ಆ ಪ್ರಮಾಣ ನೂರಕ್ಕೆ ಐದಕ್ಕಿಂತ ಕೆಳಗಿಳಿಯಿತು. ಇದರಲ್ಲಿ ಹೊಸ ಔಷಧದ ಪಾತ್ರಕ್ಕಿಂತ ಊಟ, ಕೋಣೆ ಮತ್ತು ಒಂದು ದೂರವಾಣಿ ಕರೆಯ ಪಾತ್ರವೇ ದೊಡ್ಡದು.

ಹಾಜರಿ ಪುಸ್ತಕದ ಒಂಬತ್ತು ಹೆಸರುಗಳು

ಮೇಲಿನ ಫಿಟ್ಟರನ ಮಗುವಿಗೆ ಔಷಧಿಯ ಖರ್ಚು ಹೇಗೆ ಶೂನ್ಯವಾಯಿತು? ಎರಡು ದಾರಿಗಳಿವೆ.

ಒಂದು, ಸರ್ಕಾರದ ಯೋಜನೆ. 2018ರಲ್ಲಿ ಆರೋಗ್ಯ ಕರ್ನಾಟಕವಾಗಿ ಆರಂಭವಾಗಿ ಅದೇ ವರ್ಷ ಆಯುಷ್ಮಾನ್ ಭಾರತದೊಡನೆ ಕೂಡಿಕೊಂಡ ಯೋಜನೆಯಲ್ಲಿ ಆದ್ಯತಾ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಲಭ್ಯ. ಉಳಿದವರಿಗೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ದೊಡ್ಡ ಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ಈ ಪತ್ರ, ಪಡಿತರ ಚೀಟಿ, ಆಧಾರ್‌ಗಳಲ್ಲಿ ಹೆಸರಿನ ಕಾಗುಣಿತ ಹೊಂದದೆ ಅಲೆದಾಡುವವರಿಗೆ ಕಚೇರಿ ವ್ಯವಹಾರ ಬಲ್ಲ ಒಬ್ಬ ಗುಮಾಸ್ತನನ್ನು ಅರ್ಧ ದಿನ ಜೊತೆಗೆ ಕಳುಹಿಸುವುದು ಹತ್ತು ಸಾವಿರ ರೂಪಾಯಿ ದಾನಕ್ಕಿಂತ ಮಿಗಿಲಾದೀತು.

ಇನ್ನೊಂದು, ಕಾರ್ಮಿಕರ ರಾಜ್ಯ ವಿಮೆ. ಹತ್ತು ಅಥವಾ ಹೆಚ್ಚು ಜನರು ದುಡಿಯುವ ಘಟಕಗಳಿಗೆ ಇದು ಅನ್ವಯ. ವೇತನದ ಮಿತಿಯನ್ನು 2017ರ ಜನವರಿಯಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. 2019ರ ಜುಲೈನಲ್ಲಿ ವಂತಿಗೆಯನ್ನು ಇಳಿಸಿ ಮಾಲೀಕರ ಪಾಲು ಶೇ. 3.25, ಕಾರ್ಮಿಕರ ಪಾಲು ಶೇ. 0.75 ಎಂದು ಗೊತ್ತುಪಡಿಸಲಾಯಿತು. ಆ ದರದಲ್ಲಿ 15,600 ರೂಪಾಯಿ ವೇತನಕ್ಕೆ ಮಾಲೀಕರು 507, ಕಾರ್ಮಿಕ 117, ಒಟ್ಟು 624 ರೂಪಾಯಿ. ಇದಕ್ಕೆ ಪ್ರತಿಯಾಗಿ ಕಾರ್ಮಿಕನಿಗಷ್ಟೇ ಅಲ್ಲ, ಅವನನ್ನು ಅವಲಂಬಿಸಿದ ಮಕ್ಕಳಿಗೂ ವೈದ್ಯಕೀಯ ಸೌಲಭ್ಯವಿದೆ. ವಂತಿಗೆಯ ಷರತ್ತುಗಳು ಪೂರ್ಣಗೊಂಡಿದ್ದರೆ ಕ್ಯಾನ್ಸರ್‌ನಂಥ ವಿಶೇಷ ಚಿಕಿತ್ಸೆಯನ್ನು ಒಪ್ಪಂದದ ಆಸ್ಪತ್ರೆಗಳಲ್ಲಿಯೂ ಪಡೆಯಬಹುದು.

ಅಹಿತಕರವಾದರೂ ಹೇಳಲೇಬೇಕಾದ ಮಾತೊಂದಿದೆ. ಹನ್ನೆರಡು ಜನ ದುಡಿಯುವ ಘಟಕದ ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರುಗಳಿರುವುದು ಈ ವಲಯದಲ್ಲಿ ಯಾರಿಗೂ ಹೊಸ ಸಂಗತಿಯಲ್ಲ. ಕಾಯಿದೆಯ ಮಿತಿಯೊಳಗೆ ಬರದಿರಲು ಮಾಡುವ ಈ ಉಪಾಯದಿಂದ ತಲೆಗೆ ತಿಂಗಳಿಗೆ ಐನೂರು ಚಿಲ್ಲರೆ ರೂಪಾಯಿ ಉಳಿಯುತ್ತದೆ. ಪುಸ್ತಕದಲ್ಲಿಲ್ಲದ ಹತ್ತನೆಯವನ ಮಗುವಿಗೆ ರಕ್ತದ ಕ್ಯಾನ್ಸರ್ ಬಂದ ದಿನ ಆ ಉಳಿತಾಯದ ನಿಜವಾದ ಬೆಲೆ ತಿಳಿಯುತ್ತದೆ. ಆ ದಿನ ಮಾಲೀಕ ಮನಕರಗಿ ಇಪ್ಪತ್ತು ಸಾವಿರ ಕೊಟ್ಟರೂ ಅದು ಎರಡು ತಿಂಗಳಿಗೂ ಸಾಲದು. ಕಾಯಿದೆಯ ಪ್ರಕಾರ ನೋಂದಣಿ ಮಾಡಿಸುವುದು ದಾನವಲ್ಲ, ಬಾಧ್ಯತೆ. ಆದರೂ ಮಕ್ಕಳ ಕ್ಯಾನ್ಸರಿಗೆ ನೆರವಾಗಬಯಸುವ ಸಣ್ಣ ಕೈಗಾರಿಕೋದ್ಯಮಿ ಮೊದಲು ತೆರೆಯಬೇಕಾದದ್ದು ಚೆಕ್ ಪುಸ್ತಕವನ್ನಲ್ಲ, ತನ್ನದೇ ಹಾಜರಿ ಪುಸ್ತಕವನ್ನು.

ರಜೆಯ ವಿಷಯವೂ ಹಾಗೆಯೇ. ಎಂಟು ದಿನದ ಸಂಬಳ ಕಡಿಯದಿದ್ದರೆ ತಿಂಗಳಿಗೆ 4,800. ಎಂಟು ತಿಂಗಳಿಗೆ 38,400 ರೂಪಾಯಿ. ಒಂದು ಸಣ್ಣ ಘಟಕಕ್ಕೆ ಇದು ಹಗುರವಲ್ಲ. ಆದರೆ ಪಳಗಿದ ಫಿಟ್ಟರನನ್ನು ಕಳೆದುಕೊಂಡು ಹೊಸಬನಿಗೆ ಕೆಲಸ ಕಲಿಸುವ ನಷ್ಟವೂ ಹಗುರವಲ್ಲ. ಉತ್ಸವದ ಸ್ವಾಗತ ಕಮಾನಿಗೂ ಫ್ಲೆಕ್ಸಿಗೂ ಹೋಗುವ ಮೊತ್ತವನ್ನು ಇದರ ಪಕ್ಕದಲ್ಲಿ ಬರೆದುಕೊಂಡು ನೋಡಬಹುದು. ಪೂರ್ತಿ ಸಂಬಳ ಕೊಡಲಾಗದವರು ಪಾಳಿ ಬದಲಿಸಿ ಕೊಡಬಹುದು, ಬಡ್ಡಿಯಿಲ್ಲದ ಮುಂಗಡ ಕೊಟ್ಟು ಎರಡು ವರ್ಷದಲ್ಲಿ ಮುರಿದುಕೊಳ್ಳಬಹುದು. ನೌಕರನ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯ ವೆಚ್ಚವನ್ನು ಮಾಲೀಕರು ಭರಿಸಿದರೆ, ಆ ಮೊತ್ತವನ್ನು ನೌಕರನ ಆದಾಯಕ್ಕೆ ಸೇರಿಸದಿರುವ ಅವಕಾಶವನ್ನು ತೆರಿಗೆ ಕಾನೂನು ಬಹುಕಾಲದಿಂದ ಕೊಟ್ಟಿದೆ.

ಚಿತ್ರಮಂದಿರದವರು ಆರಂಭಿಸಿದ ನಿಧಿ

ವ್ಯಾಪಾರಿಗಳ ಕೂಟವೊಂದು ಈ ರೋಗದ ಚರಿತ್ರೆಯನ್ನೇ ತಿರುಗಿಸಿದ ಉದಾಹರಣೆ ಇದೆ. 1948ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಸಿಡ್ನಿ ಫಾರ್ಬರ್ ಎಂಬ ವೈದ್ಯರು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧ ಕೊಟ್ಟು, 16ರಲ್ಲಿ 10 ಮಕ್ಕಳಲ್ಲಿ ತಾತ್ಕಾಲಿಕ ಸುಧಾರಣೆ ಕಂಡುದಾಗಿ ಪ್ರಕಟಿಸಿದರು. ಅಲ್ಲಿಯವರೆಗೆ ಆ ರೋಗಕ್ಕೆ ಮದ್ದೇ ಇರಲಿಲ್ಲ. ಆ ಔಷಧವನ್ನು ರೂಪಿಸಿದ ಲೆಡರ್ಲೆ ಪ್ರಯೋಗಾಲಯದ ತಂಡದ ಮುಖ್ಯಸ್ಥರು ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್. ಅದರ ಹತ್ತಿರದ ಸಂಬಂಧಿಯಾದ ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ಚಿಕಿತ್ಸೆಯ ಆಧಾರಸ್ತಂಭಗಳಲ್ಲಿ ಒಂದು.

ಫಾರ್ಬರರ ಬೆನ್ನಿಗೆ ನಿಂತವರು ನ್ಯೂ ಇಂಗ್ಲೆಂಡಿನ ವೆರೈಟಿ ಕ್ಲಬ್ಬಿನವರು. ಚಿತ್ರಮಂದಿರ ಮತ್ತು ಮನರಂಜನೆಯ ಉದ್ಯಮದವರ ಕೂಟವದು. ಹನ್ನೆರಡು ವರ್ಷದ ರೋಗಿ ಬಾಲಕನೊಬ್ಬನಿಗೆ ಜಿಮ್ಮಿ ಎಂಬ ಕಲ್ಪಿತ ಹೆಸರಿಟ್ಟು, 1948ರ ಮೇ 22ರಂದು ಆಸ್ಪತ್ರೆಯ ಹಾಸಿಗೆಯಿಂದಲೇ ರೇಡಿಯೋದಲ್ಲಿ ಮಾತನಾಡಿಸಿದರು. ಆಟ ನೋಡಲು ಅವನಿಗೊಂದು ಟೆಲಿವಿಷನ್ ಬೇಕಾಗಿತ್ತು. 20,000 ಡಾಲರು ಬಂದರೆ ಕೊಡಿಸುತ್ತೇವೆಂದರು. ಬಂದದ್ದು 2,31,000 ಡಾಲರಿಗೂ ಹೆಚ್ಚು. ಅದೇ ಜಿಮ್ಮಿ ನಿಧಿ; ಚಿತ್ರಮಂದಿರಗಳಲ್ಲಿ ಡಬ್ಬಿ ಹಿಡಿದು ಚಿಲ್ಲರೆ ಕೂಡಿಸುತ್ತ ಅದು ಬೆಳೆಯಿತು. ಎರಡು ಅಂಶಗಳು ಇಲ್ಲಿ ಮುಖ್ಯ. ಬಾಲಕನ ನಿಜವಾದ ಹೆಸರನ್ನು ಅವರು ಬಹಿರಂಗಪಡಿಸಲಿಲ್ಲ. ನಿಧಿಯನ್ನು ಒಂದು ದಿನದ ಸಮಾರಂಭಕ್ಕೆ ನಿಲ್ಲಿಸಲಿಲ್ಲ. ಆ ಬಾಲಕ ಐನಾರ್ ಗುಸ್ಟಾಫ್‌ಸನ್ ಬದುಕಿ, ಲಾರಿ ಚಾಲಕನಾಗಿ ದುಡಿದು, 1998ರಲ್ಲಿ ತಾನೇ ಆ ಜಿಮ್ಮಿ ಎಂದು ಮುಂದೆ ಬಂದ. 2001ರಲ್ಲಿ 65ನೆಯ ವಯಸ್ಸಿನಲ್ಲಿ ತೀರಿಕೊಂಡ.

ನಮ್ಮಲ್ಲಿ ಹಾಸಿಗೆಯ ಮೇಲಿನ ಮಗುವಿನ ಕೈಗೆ ಹಣ್ಣಿನ ಬುಟ್ಟಿ ಕೊಟ್ಟು ಎಂಟು ಜನ ಸುತ್ತ ನಿಂತು ಚಿತ್ರ ತೆಗೆಸಿಕೊಳ್ಳುವ ಪದ್ಧತಿಯಿದೆ. ಬಿಳಿ ರಕ್ತಕಣಗಳು ಕುಸಿದಿರುವ ಮಗುವಿಗೆ ಆ ಎಂಟು ಜನರ ಉಸಿರೇ ಸೋಂಕಿನ ಮೂಲ. ಕೂದಲುದುರಿದ ಆ ಮುಖದ ಚಿತ್ರ ಮುಂದೆ ಅದೇ ಹುಡುಗಿಯ ಮದುವೆಯ ಮಾತುಕತೆಗೆ ಅಡ್ಡಬಂದೀತೆಂಬ ಯೋಚನೆಯೂ ಬೇಡವೇ?

ಛತ್ರದ ಹೊಸ ಅರ್ಥ

ಪರಸ್ಥಳದಿಂದ ಬಂದವರಿಗೆ ಛತ್ರ ಕಟ್ಟಿಸುವುದು, ಬೇಸಿಗೆಯಲ್ಲಿ ಅರವಟ್ಟಿಗೆ ಇಡುವುದು ಮೈಸೂರು ಸೀಮೆಯ ವರ್ತಕರ ಹಳೆಯ ಸಂಪ್ರದಾಯ. ಧರ್ಮಪ್ರಕಾಶ ಡಿ. ಬನುಮಯ್ಯನವರು ವ್ಯಾಪಾರದ ಗಳಿಕೆಯಿಂದ ಶಾಲೆ ಕಟ್ಟಿದ ಊರಿದು. ಅಗರಬತ್ತಿಯ ಉದ್ಯಮದಿಂದ ಬೆಳೆದ ಎನ್. ರಂಗರಾವ್ ಕುಟುಂಬದವರು ದೃಷ್ಟಿದೋಷವುಳ್ಳ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿಕೊಂಡು ಬಂದಿದ್ದಾರೆ. ಇಂದಿನ ಕೊರತೆ ಕ್ಯಾನ್ಸರ್ ಆಸ್ಪತ್ರೆಗಳ ಬಳಿಯ ಛತ್ರ.

ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಸ್ಥಾಪನೆಯಾಗಿ 1980ರಲ್ಲಿ ಸ್ವಾಯತ್ತವಾಯಿತು. ರಾಜ್ಯದ ಬಡ ಮಕ್ಕಳ ಬಹುದೊಡ್ಡ ಆಸರೆ ಅದು. ಅಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಧರ್ಮಶಾಲೆ ಕಟ್ಟಿಸಿಕೊಟ್ಟಿದೆ. ಮಕ್ಕಳಿಗೂ ಪೋಷಕರಿಗೂ ಚಿಕಿತ್ಸೆ ಮುಗಿಯುವವರೆಗೆ ಉಚಿತ ವಸತಿ ಒದಗಿಸುವ ಸೇಂಟ್ ಜೂಡ್ ಇಂಡಿಯಾ ಮಕ್ಕಳ ಕೇಂದ್ರಗಳು 2006ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಇತರ ನಗರಗಳಿಗೂ ಹಬ್ಬಿದವು. ಇವು ದೊಡ್ಡವರ ಕೆಲಸ. ಸಣ್ಣವರು ಏನು ಮಾಡಬಹುದು? ಮೈಸೂರಿನ ದೊಡ್ಡ ಆಸ್ಪತ್ರೆ, ಹೆಬ್ಬಾಳದ ಹೊರವರ್ತುಲ ರಸ್ತೆಯ ಭಾರತ್ ಕ್ಯಾನ್ಸರ್ ಆಸ್ಪತ್ರೆಗಳಿಗೆ ಚಾಮರಾಜನಗರ, ಕೊಡಗು, ಮಂಡ್ಯ, ಹಾಸನಗಳಿಂದ ರೋಗಿಗಳು ಬರುತ್ತಾರೆ. ಹತ್ತು ವರ್ತಕರು ತಿಂಗಳಿಗೆ ತಲಾ 2,000 ರೂಪಾಯಿ ಹಾಕಿದರೆ 20,000. ಎರಡು ಕೋಣೆಯ ಒಂದು ಮನೆಯ ಬಾಡಿಗೆ, ಅಡುಗೆ ಅನಿಲ, ಶುದ್ಧ ನೀರಿಗೆ ಅಷ್ಟು ಸಾಕಾದೀತು. ಚಿಕಿತ್ಸೆಯಲ್ಲಿರುವ ಮಗುವಿಗೆ ಆಗತಾನೇ ಬೇಯಿಸಿದ ಆಹಾರ, ಜನಜಂಗುಳಿಯಿಲ್ಲದ ಚೊಕ್ಕಟ ಕೋಣೆ ಔಷಧಿಯಷ್ಟೇ ಅಗತ್ಯ. ಆಸ್ಪತ್ರೆಯ ಜಗುಲಿಯಲ್ಲಿ ಮಲಗಿ ಸೋಂಕು ತಗುಲಿಸಿಕೊಂಡ ಮಗುವಿಗೆ ಮುಂದಿನ ಔಷಧದ ಸರದಿ ಮುಂದೂಡಿಹೋಗುತ್ತದೆ.

ಇಲ್ಲಿ ಬೇಕಾದ ಹಣ ದೊಡ್ಡದಾಗಿರುವುದಕ್ಕಿಂತ ತಪ್ಪದೆ ಬರುವುದು ಮುಖ್ಯ. ಚಿಕಿತ್ಸೆ ಎರಡೂವರೆ ವರ್ಷದ್ದಾದರೆ ನೆರವೂ ಅಷ್ಟೇ ಅವಧಿಯದಾಗಿರಬೇಕು. ಬ್ಯಾಂಕಿಗೆ ಸ್ಥಾಯಿ ಸೂಚನೆ ಕೊಟ್ಟು ಮರೆತುಬಿಡುವವನೇ ಇಂಥ ಕೆಲಸಕ್ಕೆ ಉತ್ತಮ ದಾನಿ.

ತೆರಿಗೆಯ ಮಾತು

1961ರ ಆದಾಯ ತೆರಿಗೆ ಕಾಯಿದೆಯಲ್ಲಿ 80ಜಿ ಎಂದು ಪರಿಚಿತವಾದ ರಿಯಾಯಿತಿ 2025ರ ಹೊಸ ಕಾಯಿದೆಯಲ್ಲಿ ಬೇರೆ ಸಂಖ್ಯೆಯಡಿ ಮುಂದುವರಿದಿದೆ. ಪಾಲುದಾರಿಕೆ ಸಂಸ್ಥೆಯೊಂದು ಮಾನ್ಯತೆ ಪಡೆದ ಧರ್ಮಸಂಸ್ಥೆಗೆ 1,00,000 ರೂಪಾಯಿ ಕೊಟ್ಟರೆ ಸಾಮಾನ್ಯವಾಗಿ ಅದರ ಅರ್ಧ, 50,000, ಆದಾಯದಿಂದ ಕಳೆಯುತ್ತದೆ. ಸುಂಕ ಸೇರಿ ಶೇ. 31.2ರಂತೆ ಉಳಿಯುವ ತೆರಿಗೆ 15,600. ನಿಗದಿತ ರೀತಿಯಲ್ಲಿ ಲೆಕ್ಕ ಹಾಕಿದ ಆದಾಯದ ಶೇ. 10ರ ಮಿತಿಯಿದೆ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗಳಿಗೂ ಶೇ. 22ರ ದರ ಆಯ್ದುಕೊಂಡ ಕಂಪನಿಗಳಿಗೂ ಇದು ಸಿಗದು. ಅಂಥವರು ಕೊಡುವುದಾದರೆ ಕೊಡಬೇಕೆಂದು ಕೊಡಬೇಕು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಶೇ. 2ರ ಬಾಧ್ಯತೆಯಲ್ಲಿ ಆರೋಗ್ಯ ಸೇರಿದೆ, ಆದರೆ ತನ್ನ ನೌಕರರಿಗಷ್ಟೇ ಮಾಡಿದ ವೆಚ್ಚ ಅದಕ್ಕೆ ಲೆಕ್ಕವಾಗದು.

ಅಂಗಡಿಯ ಕಟ್ಟೆಯ ಮೇಲೆ ಮಗುವಿನ ಚಿತ್ರ ಅಂಟಿಸಿದ ಡಬ್ಬಿ ಇಡಲು ಬರುವವರ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ನೋಂದಣಿ ಸಂಖ್ಯೆ, ಮೊಹರು ಮಾಡಿದ ಡಬ್ಬಿ, ಇಬ್ಬರ ಸಮಕ್ಷಮ ಎಣಿಕೆ, ರಶೀದಿ ಇವಿಲ್ಲದಿದ್ದರೆ ನಯವಾಗಿ ನಿರಾಕರಿಸುವುದೇ ಸರಿ. ವೈಯಕ್ತಿಕ ಮನವಿಯಾದರೆ ಹಣವನ್ನು ಆಸ್ಪತ್ರೆಯ ರೋಗಿ ಖಾತೆಗೆ ನೇರವಾಗಿ ಕಟ್ಟುವುದು ಮೇಲು.

ಹಣವಿಲ್ಲದೆಯೂ ಆಗುವ ಒಂದು ಕೆಲಸವಿದೆ. ಕಿಮೋಥೆರಪಿಯ ನಡುವೆ ಮಗುವಿನ ಕಿರುಬಿಲ್ಲೆಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಕುಸಿದಾಗ ಕೆಲವು ಗಂಟೆಗಳಲ್ಲಿ ದಾನಿ ಬೇಕಾಗುತ್ತಾನೆ. ಸಂಗ್ರಹಿಸಿದ ಪ್ಲೇಟ್‌ಲೆಟ್ ಐದೇ ದಿನ ಬಾಳುವುದರಿಂದ ಶಿಬಿರ ನಡೆಸಿ ದಾಸ್ತಾನು ಮಾಡಿಡಲಾಗದು. ಪರ ಊರಿನಿಂದ ಬಂದ ತಂದೆಗೆ ಮೈಸೂರಿನಲ್ಲಿ ಪರಿಚಯದವರು ಯಾರೂ ಇರುವುದಿಲ್ಲ. ಒಂದು ಬಡಾವಣೆಯ ವರ್ತಕರು ತಮ್ಮ ಅಂಗಡಿ, ಕಾರ್ಖಾನೆಗಳ ಆರೋಗ್ಯವಂತ ಯುವಕರಿಂದ ಒಪ್ಪಿಗೆ ಪಡೆದು, ರಕ್ತದ ಗುಂಪು, ದೂರವಾಣಿ ಸಂಖ್ಯೆ, ಬಿಡುವಿನ ವೇಳೆಗಳೊಂದಿಗೆ ನಲವತ್ತು ಹೆಸರುಗಳ ಪಟ್ಟಿಯನ್ನು ರಕ್ತನಿಧಿಗೆ ಕೊಟ್ಟಿಡಬಹುದು. ದಾನಕ್ಕೆ ಒಂದರಿಂದ ಎರಡು ಗಂಟೆ ಹಿಡಿಯುತ್ತದೆ. ಆ ಅವಧಿಯನ್ನು ಕೆಲಸದ ವೇಳೆಯೆಂದೇ ಹಾಜರಿಯಲ್ಲಿ ಬರೆಯಬೇಕು. ಕೆಲಸ ಬಿಟ್ಟವರ, ಊರು ಬದಲಿಸಿದವರ ಹೆಸರು ತೆಗೆದು ಮೂರು ತಿಂಗಳಿಗೊಮ್ಮೆ ಪಟ್ಟಿಯನ್ನು ಪರಿಷ್ಕರಿಸುವ ಹೊಣೆಯನ್ನು ಒಬ್ಬ ಗುಮಾಸ್ತರಿಗೆ ವಹಿಸಿದರೆ ಸಾಕು.